ಶಿಕ್ಷೆಯ ಅಳತೆಗೋಲು

ಕೇಳುಗರಿಗೆ ನಮಸ್ಕಾರ. ಶಿರಾದಿಂದ ತುಮಕೂರಿಗೆ ಬರುವ ಹೆದ್ದಾರಿಯಲ್ಲಿ, ಕತ್ತಲಾದ ಮೇಲೆ, ಇಬ್ಬರು ಲಾರಿ ಚಾಲಕನೊಬ್ಬನನ್ನು ಬರಿಗೈಯಲ್ಲೇ ಹೆದರಿಸಿ ಹಣ ಕಿತ್ತುಕೊಂಡರು, ಆರೋಪವೂ ಸಾಬೀತಾಯಿತು ಎಂದುಕೊಳ್ಳೋಣ. ಭಾರತೀಯ ನ್ಯಾಯ ಸಂಹಿತೆಯ 309ನೆಯ ಕಲಮಿನಂತೆ ಸುಲಿಗೆಗೆ ಗರಿಷ್ಠ 10 ವರ್ಷ ಕಠಿಣ ಸಜೆ. ಅದು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಹೆದ್ದಾರಿಯಲ್ಲಿ ನಡೆದಿದ್ದರೆ 14 ವರ್ಷ. ಕನಿಷ್ಠ ಎಷ್ಟು ಎಂಬುದನ್ನು ಕಲಮು ಹೇಳುವುದಿಲ್ಲ. ಹೀಗಾಗಿ ಒಂದು ನ್ಯಾಯಾಲಯ 2 ವರ್ಷ ವಿಧಿಸಿ, ಅಂಥದೇ ಪ್ರಕರಣದಲ್ಲಿ ಇನ್ನೊಂದು 9 ವರ್ಷ ವಿಧಿಸಿದರೂ ಎರಡೂ ಕಾನೂನಿನ ಮಿತಿಯೊಳಗೇ ಇರುತ್ತವೆ.

ಈ ಅಂತರವನ್ನು ತಗ್ಗಿಸಲು ಅಮೆರಿಕದ ಫೆಡರಲ್ ನ್ಯಾಯಾಲಯಗಳು 1987ರಲ್ಲಿ ಒಂದು ಕೋಷ್ಟಕವನ್ನೇ ಹಿಡಿದವು: ಅಪರಾಧದ ತೀವ್ರತೆಗೆ 43 ಹಂತ, ಹಿಂದಿನ ಅಪರಾಧಗಳಿಗೆ 6 ವರ್ಗ, ಎರಡೂ ಕೂಡುವ ಮನೆಯಲ್ಲಿ ಶಿಕ್ಷೆಯ ಅವಧಿಯ ಮಿತಿ. ನ್ಯಾಯಾಧೀಶರ ಕೈ ಕಟ್ಟಿದಂತಾಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಕೇವಲ ಸಲಹೆಯ ಮಟ್ಟಕ್ಕೆ ಇಳಿಸಿತು. ಇಂಗ್ಲೆಂಡಿನ ದಾರಿ ನನಗೆ ಹೆಚ್ಚು ಸರಿ ಎನಿಸುತ್ತದೆ. ಅಲ್ಲಿ ನ್ಯಾಯಾಧೀಶರು ಆದ ಹಾನಿಯನ್ನೂ ಅಪರಾಧಿಯ ಹೊಣೆಯನ್ನೂ ತೂಗಿ ಒಂದು ಆರಂಭದ ಅಳತೆಯನ್ನು ಹಿಡಿಯುತ್ತಾರೆ, ಅಲ್ಲಿಂದ ಹೆಚ್ಚಿಸುತ್ತಾರೆ ಇಲ್ಲವೇ ಇಳಿಸುತ್ತಾರೆ. ನ್ಯಾಯದ ಹಿತಕ್ಕಾಗಿ ಮಾರ್ಗಸೂಚಿಯನ್ನು ಬಿಟ್ಟು ನಡೆಯಬಹುದು, ಆದರೆ ಕಾರಣ ಹೇಳಲೇಬೇಕು.

ನಮ್ಮಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠರ ಸಮಿತಿ 2003ರಲ್ಲೇ ಇಂಥ ಮಾರ್ಗಸೂಚಿ ಬೇಕೆಂದಿತು. ಕಾನೂನು ಮಾತ್ರ ಇನ್ನೂ ಬಂದಿಲ್ಲ. ಇರುವುದೊಂದು ಅವಕಾಶ: ಸೆಷನ್ಸ್ ನ್ಯಾಯಾಲಯ ಅಪರಾಧಿ ಎಂದು ತೀರ್ಮಾನಿಸಿದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಪ್ರತ್ಯೇಕವಾಗಿ ವಾದ ಆಲಿಸಬೇಕು. ಆ ವಾದ ಬಹುಮಟ್ಟಿಗೆ ಎರಡೇ ವಾಕ್ಯಗಳಲ್ಲಿ ಮುಗಿಯುತ್ತದೆ: "ಮನೆಯಲ್ಲಿ ವಯಸ್ಸಾದ ತಾಯಿಯಿದ್ದಾರೆ, ಇದು ಮೊದಲ ತಪ್ಪು, ಕನಿಕರ ತೋರಬೇಕು." ಯಾರು ಸಂಚು ಹೂಡಿದರು, ಯಾರು ಬರೀ ಜೊತೆಗೆ ನಿಂತಿದ್ದರು, ಚಾಲಕನಿಗೆ ಆದ ನಷ್ಟವೆಷ್ಟು, ಅದು ಮರಳಿ ಬಂತೇ ಎಂಬುದಕ್ಕೆ ಒಂದು ಕಾಗದವೂ ಕಡತಕ್ಕೆ ಸೇರುವುದಿಲ್ಲ. ಹೀಗಿರುವಾಗ ನ್ಯಾಯಾಧೀಶರು ತಾನೇ ಯಾವುದನ್ನು ತೂಗಬೇಕು?

ಇಬ್ಬರಲ್ಲಿ ಒಬ್ಬನಿಗೆ 20 ವರ್ಷವೆನ್ನಿ. ಅಪರಾಧಿಯನ್ನು ಸೆರೆಮನೆಗೆ ಕಳಿಸದೆ ನಿಗಾದಲ್ಲಿ ಬಿಡಲು ಅವಕಾಶ ಕೊಡುವ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 6ನೆಯ ಕಲಮಿನಂತೆ, ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧದಲ್ಲಿ 21 ತುಂಬದವನನ್ನು ಸೆರೆಮನೆಗೆ ಕಳಿಸುವ ಮೊದಲು ನ್ಯಾಯಾಲಯ ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕು, ಕಳಿಸಿದರೆ ಕಾರಣ ಬರೆಯಬೇಕು. ಆ ವರದಿ ಬಂದಿದೆಯೇ ಎಂಬುದನ್ನು ಅವನ ವಕೀಲರು ಶಿಕ್ಷೆಯ ವಾದಕ್ಕೆ ನಿಲ್ಲುವ ಮೊದಲೇ ನೋಡಿಕೊಳ್ಳಬೇಕು.