‘ಸ್ವಲ್ಪ’ ಎಂದರೆ ಎಷ್ಟು?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಿಂತು ಹೊಲಿಗೆಯ ಬಗ್ಗೆ ಮಾತನಾಡುವುದೆಂದರೆ ಪೇಡೆಯ ಅಂಗಡಿಗೆ ಸಕ್ಕರೆ ಹೊತ್ತಂತೆ. ಆದರೆ ರಿಬ್ಬನ್ ಕಟ್ಟಿಸಿಕೊಂಡು ಕುಳಿತಿರುವ ನಿಮ್ಮ ಶಾಲೆಯ ಈ ಎಂಟು ಹೊಲಿಗೆ ಯಂತ್ರಗಳನ್ನು ಎಲ್ಲಿ ಇಡುತ್ತೀರಿ ಎಂದು ಆಗಲೇ ಕೇಳಿದೆ. ಬಿಸಿಯೂಟದ ಕೋಣೆಯ ಪಕ್ಕದಲ್ಲಂತೆ. ನನ್ನ ಜಗಳ ಇಲ್ಲಿಂದಲೇ ಶುರು. ಇವು ಇರಬೇಕಾದದ್ದು ವಿಜ್ಞಾನದ ಪ್ರಯೋಗಾಲಯದಲ್ಲಿ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಬಂದು, “ಅಕ್ಕೋರೇ, ಅಂಬ್ರೆಲಾ ಫ್ರಾಕಿಗೆ ಸೊಂಟ ಎಷ್ಟು ಕೊರೆಯಬೇಕು?” ಎಂದಳು. ಟೇಲರ್ ಕಾಕಾ ಹೇಳಿಕೊಟ್ಟಿದ್ದರಂತೆ: ಬಟ್ಟೆಯನ್ನು ನಾಲ್ಕು ಮಡಿಕೆ ಮಾಡು, ಸೊಂಟದ ಅಳತೆಯನ್ನು ಆರರಿಂದ ಭಾಗಿಸು, ಸ್ವಲ್ಪ ಕಡಿಮೆ ಮಾಡಿ ಮೂಲೆಯಿಂದ ಗುರುತು ಹಾಕು. ಇವಳ ತಕರಾರು ಒಂದೇ: ‘ಸ್ವಲ್ಪ’ ಎಂದರೆ ಎಷ್ಟು? ಅವಳ ಸೊಂಟ 28 ಅಂಗುಲ. ಆರರಿಂದ ಭಾಗಿಸಿದರೆ 4.67. ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಆ ತ್ರಿಜ್ಯಕ್ಕೆ ಕೊರೆದರೆ ಸುತ್ತಳತೆ 29.3 ಆಗುತ್ತದೆ, ಫ್ರಾಕು ಜಾರುತ್ತದೆ! ಎರಡು ಪೈಯಿಂದ ಭಾಗಿಸಿದರೆ 4.46. ಕಾಕಾ ಅವರ ‘ಸ್ವಲ್ಪ’ ಕಾಲು ಅಂಗುಲಕ್ಕೆ ತುಸು ಕಡಿಮೆ. ಪೈ ಎಂಬುದು 22 ಭಾಗ 7 ಎಂದು ಬರೆದು ಒರೆಸುವ ವಸ್ತುವಲ್ಲ, ಸೊಂಟದಲ್ಲಿ ನಿಲ್ಲುವ ವಸ್ತು ಎಂದು ಆ ತರಗತಿಗೆ ಅಂದು ಗೊತ್ತಾಯಿತು. ನನಗೂ ಅಂದೇ. ಕಾಕಾ ಅವರಿಗೆ ಲೆಕ್ಕ ತೋರಿಸಿದಾಗ, “ಇದಕ್ಕೆ ಇಷ್ಟು ಓದಬೇಕಾ?” ಎಂದರು.

ಹಿಂದೆ ಕುಳಿತ ಹುಡುಗರು ನಗುತ್ತಿದ್ದೀರಿ. ನಗಿ. ಪೇಟೆಯಲ್ಲಿ ದುಡ್ಡು ಎಣಿಸುವ ಟೇಲರುಗಳು ಬಹುಪಾಲು ಗಂಡಸರು. ಶಾಲೆಯ ಹೊಲಿಗೆ ಪಿರಿಯಡ್ ಮಾತ್ರ ಹೆಣ್ಣುಮಕ್ಕಳದು. ಅದೂ ತುಳಿಯುವುದಕ್ಕೆ, ಬಿಚ್ಚುವುದಕ್ಕಲ್ಲ. ನಾನಿದ್ದ ಶಾಲೆಯಲ್ಲಿ ಯಂತ್ರ ಕೆಟ್ಟರೆ ರಿಪೇರಿಯವನು ಬರುವವರೆಗೆ, ಅಂದರೆ ಮುಂದಿನ ವರ್ಷದವರೆಗೆ, ಅದಕ್ಕೆ ಮುಸುಕು.

ಬಿಚ್ಚಿ ನೋಡಿ! ಕೈಸೂಜಿಗೆ ಕಣ್ಣು ಹಿಂಬದಿಗೆ, ಯಂತ್ರದ ಸೂಜಿಗೆ ಮೊನೆಯ ಬಳಿ. ಏಕೆ? ಇಡೀ ಸೂಜಿ ಬಟ್ಟೆಯನ್ನು ದಾಟಬೇಕಿಲ್ಲ. ಮೊನೆ ಕೆಳಗಿಳಿದು ಮೇಲೇಳುವಾಗ ದಾರ ಒಂದು ಕುಣಿಕೆಯಾಗುತ್ತದೆ. ತಟ್ಟೆಯ ಕೆಳಗಿರುವ ಶಟಲಿನ ಕೊಕ್ಕೆ ಅದನ್ನು ಹಿಡಿದು ಬಾಬಿನ್ನನ್ನು, ಅಂದರೆ ಕೆಳಗಿನ ದಾರದ ಉರುಳೆಯನ್ನು, ಸುತ್ತಿಸುತ್ತದೆ. ಎರಡು ದಾರಗಳ ಎಳೆತ ಸಮನಾಗಿದ್ದರೆ ಗಂಟು ಬಟ್ಟೆಯ ನಡುವೆ ಅಡಗುತ್ತದೆ, ಇಲ್ಲದಿದ್ದರೆ ಒಂದು ಬದಿಗೆ ಎದ್ದು ಕಾಣುತ್ತದೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೇ ಮೊನೆಯ ಬಳಿ ಕಣ್ಣಿರುವ ಸೂಜಿ, ಶಟಲು, ಎರಡು ದಾರ ಇದ್ದವು. ಬಲಗಳ ಸಮತೋಲನಕ್ಕೆ ಇದಕ್ಕಿಂತ ಅಗ್ಗದ ಪಾಠ ಇದ್ದರೆ ಹೇಳಿ.

ಚೀಟಿ ಬಂತು. ಐದು ನಿಮಿಷವಂತೆ. ಕಸೂತಿಗೆಂದೇ ಅರ್ಧ ತಾಸು ಇಟ್ಟುಕೊಂಡಿದ್ದೆ! ಕಸೂತಿಯ ಗವಂತಿ ಎಂಬ ಹೊಲಿಗೆಯಲ್ಲಿ ಗಂಟು ಕಾಣುವಂತಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಯುರೋಪಿನ ಕೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲಾಗದೆಂದು ಗಣಿತಜ್ಞ ಆಯ್ಲರ್ 1736ರಲ್ಲಿ ತೋರಿಸಿದ. ಸೇತುವೆಗಳ ಬದಲು ಒಂದಕ್ಕೊಂದು ಕೂಡಿದ ಹೊಲಿಗೆಯ ಗೆರೆಗಳೆಂದುಕೊಳ್ಳಿ. ಪ್ರತಿ ಗೆರೆಯನ್ನು ಎರಡು ಸಲ ದಾಟುವುದಾದರೆ ದಾರಿ ಸಿಕ್ಕೇ ಸಿಗುತ್ತದೆ; ನಮ್ಮ ಅಜ್ಜಿಯರ ಸೂಜಿ ನಡೆದದ್ದು ಆ ದಾರಿಯಲ್ಲೇ. 1969ರಲ್ಲಿ ಚಂದ್ರನ ಮೇಲೆ ಇಳಿದವರ ಉಡುಪನ್ನು ಹೊಲಿದವರೂ ಹೆಂಗಸರೇ, ಹೆಂಗಸರ ಒಳ ಉಡುಪು ತಯಾರಿಸುತ್ತಿದ್ದ ಸಂಸ್ಥೆಯವರು. ಆ ಕಥೆಯನ್ನು ಇನ್ನೊಂದು ದಿನ ಹೇಳುತ್ತೇನೆ.

ಸಂಘಟಕರೇ, ಊಟಕ್ಕೆ ಇನ್ನೂ ಹೊತ್ತಿದೆ. ಒಂದು ಸ್ಕ್ರೂಡ್ರೈವರ್ ತರಿಸಿ. ಮುಂದಿನ ಸಾಲಿನ ಹುಡುಗಿಯರು ಮೇಲೆ ಬನ್ನಿ. ಆ ಕೊನೆಯ ಯಂತ್ರದ ರಿಬ್ಬನ್ ಬಿಚ್ಚಿ, ಆಮೇಲೆ ಸೂಜಿಯ ಕೆಳಗಿನ ತಟ್ಟೆ.