ಪಾಂಗುನಾ ಗಣಿ ಮತ್ತು ಬಿಟ್ಟುಹೋದವರ ಹೊಣೆ

ಕೇಳುಗರಿಗೆ ನಮಸ್ಕಾರ. ಅಂತರ್ಯುದ್ಧ ಹೊತ್ತಿಕೊಂಡ ನಾಡಿನಿಂದ ಕಾಲ್ತೆಗೆದ ಕಂಪನಿಯೊಂದು, ಅಲ್ಲಿನ ನೆಲಜಲಕ್ಕೆ ತಾನು ಮಾಡಿದ ಹಾನಿಯ ಹೊಣೆಯಿಂದಲೂ ಬಿಡುಗಡೆ ಪಡೆಯುತ್ತದೆಯೇ? ಪಪುವಾ ನ್ಯೂಗಿನಿಯ ಬೋಗನ್‌ವಿಲ್ ದ್ವೀಪದಲ್ಲಿರುವ ಪಾಂಗುನಾ ಗಣಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡಬೇಕಾಗಿದೆ.

ಬ್ರಿಟನ್-ಆಸ್ಟ್ರೇಲಿಯ ಮೂಲದ ರಿಯೊ ಟಿಂಟೊ ಎಂಬ ಗಣಿ ಕಂಪನಿಯ ಬಹುಪಾಲು ಒಡೆತನದಲ್ಲಿದ್ದ ಈ ಗಣಿಯಿಂದ 1972ರಿಂದ 1989ರವರೆಗೆ ತಾಮ್ರ ಮತ್ತು ಚಿನ್ನವನ್ನು ತೆಗೆಯಲಾಯಿತು. ಅದಿರನ್ನು ಅರೆದು ಲೋಹ ಬೇರ್ಪಡಿಸಿದ ಮೇಲೆ ಉಳಿಯುವ ಕೆಸರನ್ನು ಕಟ್ಟೆ ಕಟ್ಟಿ ತಡೆದಿಡದೆ ಕವೆರಾಂಗ್ ಮತ್ತು ಜಾಬಾ ನದಿಗಳಿಗೇ ಹರಿಯಬಿಟ್ಟರು. ಹೀಗೆ ಸೇರಿದ ತ್ಯಾಜ್ಯ ನೂರು ಕೋಟಿ ಟನ್ನಿಗೂ ಹೆಚ್ಚು. ಹೂಳು ತುಂಬಿ ನದಿಯ ಪಾತ್ರ ಮೇಲೆದ್ದಿತು, ನೀರು ದಡ ಮೀರಿ ತೋಟಗಳಿಗೆ ನುಗ್ಗಿತು, ತಾಮ್ರದ ಅಂಶ ಸೋಕಿ ಗಣಿಯ ಸುತ್ತಲಿನ ಬಂಡೆಗಳು ನೀಲಿಗೆ ತಿರುಗಿದವು. ಭೂಮಿಯ ಹಕ್ಕು ತಾಯಿಯ ಕಡೆಯಿಂದ ಇಳಿದು ಬರುವ ಆ ಸೀಮೆಯಲ್ಲಿ, ಗಣಿಗಾಗಿ ನೆಲ ಅಳೆಯಲು ಬಂದವರನ್ನು 1969ರಲ್ಲಿ ತಡೆದು ನಿಂತವರೂ ಹೆಂಗಸರೇ.

1988ರ ಕೊನೆಗೆ ಸ್ಥಳೀಯರ ಸಿಟ್ಟು ಸ್ಫೋಟಿಸಿ, ಗಣಿಯ ವಿದ್ಯುತ್ ಗೋಪುರಗಳು ಸಿಡಿಮದ್ದಿಗೆ ಉರುಳಿದವು. ಪಪುವಾ ನ್ಯೂಗಿನಿಯ ಸೈನ್ಯ ಬಂತು, 1990ರಲ್ಲಿ ದ್ವೀಪಕ್ಕೆ ದಿಗ್ಬಂಧನ ಬಿತ್ತು, ಔಷಧಿಯೂ ದುರ್ಲಭವಾಯಿತು. ಹತ್ತು ವರ್ಷಗಳ ಆ ಸಂಘರ್ಷದಲ್ಲಿ ಸತ್ತವರ ಸಂಖ್ಯೆಯನ್ನು 20,000ದವರೆಗೂ ಅಂದಾಜಿಸುತ್ತಾರೆ.

2016ರಲ್ಲಿ ರಿಯೊ ಟಿಂಟೊ ತನ್ನ ಪಾಲಿನ ಷೇರುಗಳನ್ನು ಪಪುವಾ ನ್ಯೂಗಿನಿ ಹಾಗೂ ಬೋಗನ್‌ವಿಲ್ ಸರ್ಕಾರಗಳಿಗೆ ಬಿಟ್ಟುಕೊಟ್ಟು, ಅಂದಿನ ಕಾಯಿದೆಗಳನ್ನು ಗಣಿ ಪಾಲಿಸಿತ್ತು ಎಂಬ ಸಮರ್ಥನೆಯೊಂದಿಗೆ ಹೊರನಡೆಯಿತು. ನಾನು ಒಪ್ಪಲಾರದ ವಾದ ಇದು. ಆ ಗಣಿಯ ಮೂಲ ಒಪ್ಪಂದ 1967ರದು, ಅಂದರೆ ಆ ನಾಡು ಇನ್ನೂ ಆಸ್ಟ್ರೇಲಿಯದ ಆಡಳಿತದಲ್ಲಿದ್ದ ಕಾಲದ್ದು; ನದಿಯ ನೀರನ್ನೇ ನಂಬಿ ಬದುಕಿದವರನ್ನು ಕೇಳದೆ ಬರೆದ ನಿಯಮವನ್ನು ಪಾಲಿಸಿದೆವೆಂದರೆ ಅವರ ಋಣ ತೀರುವುದಿಲ್ಲ. ಸಂಘರ್ಷದ ನೆಲದಲ್ಲಿ ಮಾನವ ಹಕ್ಕುಗಳು ಮುರಿದುಬೀಳುವ ಅಪಾಯ ಹೆಚ್ಚು ಎಂದು ಉದ್ಯಮಗಳು ಮತ್ತು ಮಾನವ ಹಕ್ಕುಗಳ ಕುರಿತಾದ ವಿಶ್ವಸಂಸ್ಥೆಯ 2011ರ ಮಾರ್ಗದರ್ಶಿ ತತ್ತ್ವಗಳು ಸ್ಪಷ್ಟವಾಗಿಯೇ ಹೇಳುತ್ತವೆ.

2020ರಲ್ಲಿ ದ್ವೀಪದ 156 ಮಂದಿ ಆಸ್ಟ್ರೇಲಿಯದಲ್ಲಿ ದೂರು ಸಲ್ಲಿಸಿದ ಮೇಲೆಯೇ ಕಂಪನಿ ಸ್ವತಂತ್ರ ಅಧ್ಯಯನವೊಂದಕ್ಕೆ ಹಣ ಕೊಡಲು ಒಪ್ಪಿತು. 2024ರ ಡಿಸೆಂಬರಿನಲ್ಲಿ ಹೊರಬಂದ ಅದರ ವರದಿ ಪ್ರವಾಹ, ಮಣ್ಣುಕುಸಿತ ಮತ್ತು ಕಲುಷಿತ ನೀರಿನ ಅಪಾಯಗಳನ್ನು ದೃಢಪಡಿಸಿದೆ. ಪರಿಹಾರದ ಮಾತುಕತೆಗೆ ಕಂಪನಿ ಈಗ ಬೋಗನ್‌ವಿಲ್ ಸರ್ಕಾರದ ಜೊತೆ ಕುಳಿತಿದೆ. ಆದರೆ ನದಿಯ ದಡದ ಊರುಗಳಿಗೆ ಶುದ್ಧ ನೀರು ಒದಗಿಸುವ ಕೆಲಸ ಆ ಮಾತುಕತೆ ಮುಗಿಯುವವರೆಗೆ ಕಾಯಬಾರದು, ಅದರ ವೆಚ್ಚವನ್ನು ಗಣಿಯ ಲಾಭ ಉಂಡವರೇ ಭರಿಸಬೇಕು.