ಎರಡು ಅಂಗುಲ

ಕೇಳುಗರೆ, ನಮಸ್ಕಾರ.

ಮೊಳಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಅದರ ಮೇಲೆ ಅರ್ಧ ಗೇಣು. ಕುಳಿತಲ್ಲಿಯೇ ಇಷ್ಟನ್ನು ಅಳೆದು ನೋಡಿಕೊಂಡರೆ ಹೆಚ್ಚುಕಡಿಮೆ 22 ಅಂಗುಲವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಹಾರಿಸಿದ ಲ್ಯಾಂಕಾಸ್ಟರ್ ಎಂಬ ಬಾಂಬರ್ ವಿಮಾನದ ಮೂತಿಯ ನೆಲದಲ್ಲಿ ಇಷ್ಟೇ ಅಗಲದ ಒಂದು ಕಿಂಡಿಯಿತ್ತು. ವಿಮಾನಕ್ಕೆ ಬೆಂಕಿ ಹತ್ತಿದಾಗ ಅದರ ಮುಂಭಾಗದಲ್ಲಿದ್ದವರು, ದಪ್ಪನೆಯ ಉಡುಪಿನ ಮೇಲೆ ಪ್ಯಾರಾಚೂಟ್ ಕಟ್ಟಿಕೊಂಡು, ಕತ್ತಲಲ್ಲಿ, ಅಡಿಮೇಲಾಗುತ್ತ ಬೀಳುತ್ತಿರುವ ವಿಮಾನದೊಳಗೆ ತಡಕಾಡಿಕೊಂಡು ಬಂದು ಧುಮುಕಬೇಕಾಗಿದ್ದುದು ಆ ಕಿಂಡಿಯಿಂದ. ಈ ಹೊತ್ತಿನ ನನ್ನ ಮಾತು ಆ ವಿಮಾನವನ್ನು ಕುರಿತದ್ದು, ಅದರಲ್ಲಿ ಕುಳಿತ ಏಳು ಜನರನ್ನು ಕುರಿತದ್ದು, ಎಲ್ಲಕ್ಕಿಂತ ಹೆಚ್ಚಾಗಿ ಆ ಕಿಂಡಿಯನ್ನು ಕುರಿತದ್ದು.

ಲ್ಯಾಂಕಾಸ್ಟರ್ ಹುಟ್ಟಿದ್ದು ಸೋತುಹೋದ ಒಂದು ವಿಮಾನದ ತಿದ್ದುಪಡಿಯಾಗಿ. ಆವ್ರೋ ಕಂಪನಿ ಮೊದಲು ಮ್ಯಾಂಚೆಸ್ಟರ್ ಎಂಬ ಎರಡು ಎಂಜಿನ್‌ಗಳ ಬಾಂಬರನ್ನು ಕಟ್ಟಿತ್ತು. ಅದಕ್ಕೆ ಕೂಡಿಸಿದ ವಲ್ಚರ್ ಎಂಜಿನ್‌ಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಹಾರಾಟದ ನಡುವೆಯೇ ಕೈಕೊಡುತ್ತಿದ್ದವು. ಮುಖ್ಯ ವಿನ್ಯಾಸಕಾರ ರಾಯ್ ಚ್ಯಾಡ್ವಿಕ್ ಅದೇ ಒಡಲನ್ನು ಉಳಿಸಿಕೊಂಡು, ರೆಕ್ಕೆಗಳನ್ನು ಇನ್ನಷ್ಟು ಉದ್ದಗೊಳಿಸಿ, ರೋಲ್ಸ್ ರಾಯ್ಸ್ ಸಂಸ್ಥೆಯ ನಾಲ್ಕು ಮರ್ಲಿನ್ ಎಂಜಿನ್‌ಗಳನ್ನು ಜೋಡಿಸಿದರು. 1941ರ ಜನವರಿ 9ರಂದು ಮ್ಯಾಂಚೆಸ್ಟರ್ ನಗರದ ಬಳಿಯ ರಿಂಗ್‌ವೇ ನಿಲ್ದಾಣದಿಂದ ಮೊದಲ ಮಾದರಿ ಮೇಲೆದ್ದಿತು. ಮುಂದಿನ ವರ್ಷದ ಮಾರ್ಚ್ ತಿಂಗಳಲ್ಲಿ ವಾಡಿಂಗ್ಟನ್ ನೆಲೆಯ 44ನೆಯ ಸ್ಕ್ವಾಡ್ರನ್ ಅದನ್ನು ಯುದ್ಧಕ್ಕೆ ಒಯ್ದಿತು. ಬ್ರಿಟನ್ ಮತ್ತು ಕೆನಡಾದ ಕಾರ್ಖಾನೆಗಳು ಒಟ್ಟು 7,377 ಲ್ಯಾಂಕಾಸ್ಟರ್‌ಗಳನ್ನು ಕಟ್ಟಿದವು.

ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 102 ಅಡಿ ಇದ್ದ ಈ ವಿಮಾನದ ಹೆಗ್ಗಳಿಕೆಯೆಲ್ಲ ಅದರ ಹೊಟ್ಟೆಯಲ್ಲಿತ್ತು. 33 ಅಡಿ ಉದ್ದಕ್ಕೆ, ನಡುವೆ ಒಂದು ಅಡ್ಡಪಟ್ಟಿಯೂ ಇಲ್ಲದೆ, ಬಾಂಬುಗಳಿಗೆಂದೇ ಬಿಟ್ಟ ಜಾಗ ಅದು. ಇಷ್ಟು ಉದ್ದದ, ಇಷ್ಟು ತೆರವಾದ ಹೊಟ್ಟೆ ಆ ಕಾಲದ ಬೇರೆ ಬ್ರಿಟಿಷ್ ಬಾಂಬರ್‌ಗಳಿಗೆ ಇರಲಿಲ್ಲ. ಹೊರೆಗೆ ಜಾಗ ಕೊಟ್ಟು ಮಿಕ್ಕದ್ದರಲ್ಲಿ ಮನುಷ್ಯರನ್ನು ಕೂರಿಸಲಾಯಿತು ಎಂದು ನಾನು ಹೇಳಿದರೆ ಅದು ಅತಿಶಯೋಕ್ತಿಯಾಗಲಾರದು. ರೆಕ್ಕೆಗಳನ್ನು ಹಿಡಿದು ನಿಲ್ಲಿಸುವ ಲೋಹದ ತೊಲೆ ವಿಮಾನದ ಒಳಗನ್ನು ಅಡ್ಡಲಾಗಿ ಹಾದುಹೋಗುತ್ತಿತ್ತು. ಹಿಂದಿನಿಂದ ಮುಂದಕ್ಕೆ ಹೋಗುವವನು ಅದನ್ನು ಹತ್ತಿ ಇಳಿಯಬೇಕಿತ್ತು. ನಿಂತ ವಿಮಾನದಲ್ಲಿ, ಹಗಲು ಬೆಳಕಿನಲ್ಲಿಯೇ ಅದು ತ್ರಾಸದ ಕೆಲಸ.

ಏಳು ಜನರಲ್ಲಿ ಐವರು ಮುಂದೆ. ಎಡಗಡೆಯ ಎತ್ತರದ ಆಸನದಲ್ಲಿ ಪೈಲಟ್, ಅವನ ಬಲಕ್ಕೆ ಎಂಜಿನ್‌ಗಳನ್ನೂ ಇಂಧನವನ್ನೂ ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್. ಅವರ ಹಿಂದೆ ಪರದೆ ಎಳೆದುಕೊಂಡು, ಪುಟ್ಟ ದೀಪದ ಕೆಳಗೆ ನಕ್ಷೆ ಹರಡಿಕೊಂಡು ದಾರಿಯ ಲೆಕ್ಕ ಹಾಕುವ ನ್ಯಾವಿಗೇಟರ್. ಅವನಾಚೆ ವೈರ್‌ಲೆಸ್ ಆಪರೇಟರ್. ಮೂತಿಯಲ್ಲಿ, ನಾನು ಹೇಳಿದ ಆ ಕಿಂಡಿಯ ಮುಚ್ಚಳದ ಮೇಲೆಯೇ ಬೋರಲು ಮಲಗಿ ಕೆಳಗಿನ ನೆಲವನ್ನು ನೋಡಿ ಬಾಂಬಿಗೆ ಗುರಿ ಹಿಡಿಯುವ ಬಾಂಬ್ ಏಮರ್. ಇನ್ನಿಬ್ಬರು ಗನ್ನರ್‌ಗಳು: ಒಬ್ಬನು ಬೆನ್ನಿನ ಮೇಲಿನ ಗೋಪುರದಲ್ಲಿ, ಇನ್ನೊಬ್ಬನು ಬಾಲದ ತುದಿಯಲ್ಲಿ.

ಈ ಏಳು ಜನರನ್ನು ಒಟ್ಟುಗೂಡಿಸುತ್ತಿದ್ದ ರೀತಿ ಸೈನ್ಯದ ಪದ್ಧತಿಗೆ ತೀರ ಹೊರತಾದದ್ದು. ತರಬೇತಿಯ ಕೊನೆಯ ಹಂತದಲ್ಲಿ ಪೈಲಟ್‌ಗಳು, ನ್ಯಾವಿಗೇಟರ್‌ಗಳು, ಗನ್ನರ್‌ಗಳು ಎಲ್ಲರನ್ನೂ ಒಂದು ದೊಡ್ಡ ಹ್ಯಾಂಗರಿನೊಳಗೆ ಬಿಟ್ಟು, ನಿಮ್ಮ ನಿಮ್ಮ ತಂಡವನ್ನು ನೀವೇ ಕಟ್ಟಿಕೊಳ್ಳಿ ಎಂದು ಹೇಳಿಬಿಡುತ್ತಿದ್ದರು. ಮುಖ ನೋಡಿ, ನಾಲ್ಕು ಮಾತಾಡಿ, ಇವನ ಜೊತೆ ಹೋಗಬಹುದು ಅನ್ನಿಸಿದರೆ ಕೈಕುಲುಕುವುದು. ಲಂಡನ್ನಿನ ಗುಮಾಸ್ತ, ಕೆನಡಾದ ರೈತನ ಮಗ, ಆಸ್ಟ್ರೇಲಿಯಾದ ಉಪಾಧ್ಯಾಯ ಹೀಗೆ ಒಂದೇ ಮಧ್ಯಾಹ್ನದಲ್ಲಿ ಒಂದು ಕುಟುಂಬದವರಂತಾಗುತ್ತಿದ್ದರು. ಫ್ಲೈಟ್ ಎಂಜಿನಿಯರ್ ಮಾತ್ರ ಸಾಮಾನ್ಯವಾಗಿ ಆಮೇಲೆ ಬಂದು ಸೇರುತ್ತಿದ್ದನು. ಎಲ್ಲರೂ ಸ್ವಇಚ್ಛೆಯಿಂದ ಬಂದವರು; ಬಹುಪಾಲು ಇಪ್ಪತ್ತರ ಆಸುಪಾಸಿನವರು. ಆದರೆ ಬಂದ ಮೇಲೆ ಇನ್ನು ಹಾರಲಾರೆ ಎಂದವನ ಕಡತದ ಮೇಲೆ ‘ನೈತಿಕ ಸ್ಥೈರ್ಯದ ಕೊರತೆ’ ಎಂಬ ಮುದ್ರೆ ಬೀಳುತ್ತಿತ್ತು, ಅವನ ಬಿರುದುಪಟ್ಟಿಗಳನ್ನು ಕಿತ್ತುಕೊಳ್ಳುವುದೂ ಇತ್ತು. ಇಪ್ಪತ್ತು ರಾತ್ರಿಗಳ ಭಯವನ್ನು ನುಂಗಿ ಇಪ್ಪತ್ತೊಂದನೆಯ ರಾತ್ರಿ ಕಾಲು ನಡುಗಿದವನಿಗೂ ಇದೇ ಹೆಸರು. ಇದು ಅನ್ಯಾಯವಾಗಿತ್ತು.

ಬಾಲದ ಗನ್ನರನ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉಳಿದ ಆರು ಜನರಿಂದ ದೂರ, ಒಬ್ಬನೇ, ವಿಮಾನ ಬಿಟ್ಟುಬಂದ ದಾರಿಗೆ ಮುಖ ಮಾಡಿಕೊಂಡು ಎಂಟು ಗಂಟೆಯವರೆಗೂ ಅವನು ಕುಳಿತಿರಬೇಕಿತ್ತು. ಅವನ ಮುಂದೆ ನಾಲ್ಕು ಬ್ರೌನಿಂಗ್ ಮಷಿನ್ ಗನ್‌ಗಳು. 20,000 ಅಡಿ ಎತ್ತರದಲ್ಲಿ ಆ ಗೂಡಿನೊಳಗಿನ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೂ ಇಳಿಯುತ್ತಿತ್ತು. ಉಡುಪಿನೊಳಗೆ ವಿದ್ಯುತ್ ತಂತಿ ಹರಿಸಿ ಮೈ ಬೆಚ್ಚಗಿಡುವ ಏರ್ಪಾಡಿತ್ತು, ಆದರೆ ಅದು ಕೆಡುವುದೂ ಇತ್ತು. ಆಮ್ಲಜನಕದ ಮುಖವಾಡದಲ್ಲಿ ಉಸಿರಿನ ತೇವವೇ ಹೆಪ್ಪುಗಟ್ಟುತ್ತಿತ್ತು. ಇಷ್ಟಾದರೂ ಅನೇಕ ಗನ್ನರ್‌ಗಳು ಕಣ್ಣೆದುರಿನ ಪಾರದರ್ಶಕ ಹಲಗೆಯನ್ನು ತೆಗೆಸಿಹಾಕಿ ಬರಿಯ ಗಾಳಿಗೆ ಮುಖವೊಡ್ಡಿ ಕೂರುತ್ತಿದ್ದರು. ಹಲಗೆಯ ಮೇಲಿನ ಒಂದು ಕಲೆ ಕತ್ತಲಲ್ಲಿ ಶತ್ರುವಿಮಾನದಂತೆ ಕಾಣಬಹುದು, ಅಥವಾ ನಿಜವಾದ ಶತ್ರುವಿಮಾನವನ್ನೇ ಮರೆಮಾಡಬಹುದು. ಗೂಡು ಎಷ್ಟು ಇಕ್ಕಟ್ಟೆಂದರೆ ಪ್ಯಾರಾಚೂಟಿಗೆ ಅದರಲ್ಲಿ ಜಾಗವಿರಲಿಲ್ಲ. ಅದನ್ನು ಹಿಂದಿನ ಬಾಗಿಲಿನಾಚೆ, ವಿಮಾನದ ಒಡಲಿನಲ್ಲಿ ನೇತುಹಾಕಿರುತ್ತಿದ್ದರು. ಹೊರಬೀಳುವ ಹೊತ್ತು ಬಂದರೆ ಅವನು ಬಾಗಿಲು ತೆರೆದು, ಕೈ ಚಾಚಿ ಅದನ್ನು ಎಳೆದುಕೊಂಡು, ಎದೆಗೆ ಸಿಕ್ಕಿಸಿ, ಗೂಡನ್ನು ಪಕ್ಕಕ್ಕೆ ತಿರುಗಿಸಿ, ಬೆನ್ನು ಮುಂದಾಗಿ ಬೀಳಬೇಕಿತ್ತು. ಮರಳಿ ಬಂದವರಿಗೆ ಬೆಳಗಿನ ಜಾವ ಊಟದ ಮನೆಯಲ್ಲಿ ಹುರಿದ ಮೊಟ್ಟೆ ಕಾದಿರುತ್ತಿತ್ತು. ರೇಷನ್ನಿನ ಆ ದಿನಗಳಲ್ಲಿ ಮೊಟ್ಟೆಯೆಂದರೆ ಹಬ್ಬ.

ಒಂದು ತಂಡದ ಸರದಿ ಮುಗಿಯಲು 30 ದಾಳಿಗಳು ಆಗಬೇಕಿತ್ತು. ಪ್ರತಿ ದಾಳಿಯಲ್ಲಿ ನೂರಕ್ಕೆ ನಾಲ್ಕು ವಿಮಾನಗಳು ಮರಳದಿದ್ದರೆ ಅದು ಅಷ್ಟೇನೂ ಕೆಟ್ಟ ರಾತ್ರಿಯಲ್ಲ ಎಂದು ಕೇಳುವವರಿಗೆ ಅನ್ನಿಸಬಹುದು. ಆದರೆ ಅದೇ ಲೆಕ್ಕವನ್ನು 30 ಸಲ ಗುಣಿಸುತ್ತ ಹೋದರೆ ಹೊರಟ ನೂರು ತಂಡಗಳಲ್ಲಿ ಕೊನೆಗೆ ಉಳಿಯುವುದು 29. ಬ್ರಿಟಿಷ್ ವಾಯುಪಡೆಯ ಬಾಂಬರ್‌ಗಳನ್ನೆಲ್ಲ ನಡೆಸುತ್ತಿದ್ದ ಬಾಂಬರ್ ಕಮಾಂಡ್ ಎಂಬ ವಿಭಾಗದಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. 1944ರ ಮಾರ್ಚ್ 30ರಂದು ಜರ್ಮನಿಯ ನ್ಯೂರೆಂಬರ್ಗ್ ನಗರದತ್ತ ಹೊರಟ 795 ವಿಮಾನಗಳಲ್ಲಿ ಸುಮಾರು 95 ಅದೊಂದೇ ರಾತ್ರಿಯಲ್ಲಿ ಇಲ್ಲವಾದವು.

ಈಗ ಕಿಂಡಿಯ ವಿಷಯಕ್ಕೆ ಮರಳುತ್ತೇನೆ. 1943ರ ಜುಲೈ ತಿಂಗಳಲ್ಲಿ, ಹತ್ತೊಂಬತ್ತು ವಯಸ್ಸಿನ ಒಬ್ಬ ಗಣಿತದ ವಿದ್ಯಾರ್ಥಿ ಬಾಂಬರ್ ಕಮಾಂಡಿನ ಮುಖ್ಯ ಕಚೇರಿಯ ಸಂಶೋಧನಾ ವಿಭಾಗಕ್ಕೆ ಕೆಲಸಕ್ಕೆ ಸೇರಿದನು. ಮುಂದೆ ಭೌತವಿಜ್ಞಾನಿಯಾಗಿ ಜಗತ್ಪ್ರಸಿದ್ಧರಾದ ಫ್ರೀಮನ್ ಡೈಸನ್ ಅವರೇ ಆ ಹುಡುಗ. ಶತ್ರುಗಳ ಹೊಡೆತಕ್ಕೆ ಉರುಳಿದ ವಿಮಾನಗಳಿಂದ ಎಷ್ಟು ಜನ ಜೀವಸಹಿತ ಪಾರಾಗಿ ಸೆರೆ ಸಿಕ್ಕಿದರು ಎಂಬ ಅಂಕಿಅಂಶ ಆ ಕಚೇರಿಗೆ ತಲುಪುತ್ತಿತ್ತು. ಡೈಸನ್ ನೆನಪಿಸಿಕೊಂಡಿರುವಂತೆ, ಅಮೆರಿಕದ ಬಾಂಬರ್‌ಗಳಲ್ಲಿ ಸುಮಾರು ಅರ್ಧದಷ್ಟು ಜನ ಉಳಿಯುತ್ತಿದ್ದರು, ಬ್ರಿಟನ್ನಿನದೇ ಆದ ಹ್ಯಾಲಿಫ್ಯಾಕ್ಸ್ ಮತ್ತು ಸ್ಟರ್ಲಿಂಗ್‌ಗಳಲ್ಲಿ ನೂರಕ್ಕೆ ಸುಮಾರು 25, ಲ್ಯಾಂಕಾಸ್ಟರಿನಲ್ಲಿ 15. ಅಮೆರಿಕದವರು ಹಗಲಿನಲ್ಲಿ ಹಾರುತ್ತಿದ್ದರು, ಅವರ ಮಾತು ಬೇರೆ. ಆದರೆ ಅದೇ ಕತ್ತಲಲ್ಲಿ, ಅದೇ ನಗರಗಳ ಮೇಲೆ ಹಾರುವ ಹ್ಯಾಲಿಫ್ಯಾಕ್ಸಿಗೂ ಲ್ಯಾಂಕಾಸ್ಟರಿಗೂ ಇಷ್ಟು ಅಂತರ ಏಕೆ? ಹೆಚ್ಚು ಹೊರೆ ಹೊರುತ್ತದೆ, ಹೆಚ್ಚು ಎತ್ತರಕ್ಕೆ ಏರುತ್ತದೆ, ಹೊಡೆತಕ್ಕೆ ಸಿಗುವುದೂ ಕಡಿಮೆ ಎಂದು ಎಲ್ಲರೂ ಕೊಂಡಾಡುತ್ತಿದ್ದ ವಿಮಾನವು ಸಾಯುವಾಗ ತನ್ನೊಳಗಿನವರನ್ನು ಬಿಡುತ್ತಿರಲಿಲ್ಲ.

ಡೈಸನ್ನರ ಸಹೋದ್ಯೋಗಿಯೊಬ್ಬರು ಅಳತೆಗಳನ್ನು ಹುಡುಕಿ ತೆಗೆದರು. ಹ್ಯಾಲಿಫ್ಯಾಕ್ಸಿನ ಕಿಂಡಿಯ ಅಗಲ 24 ಅಂಗುಲ, ಲ್ಯಾಂಕಾಸ್ಟರಿನದು 22. ಕೊರತೆಯಿದ್ದುದು ಎರಡು ಅಂಗುಲ. ಕಿಂಡಿಯನ್ನು ದೊಡ್ಡದು ಮಾಡಿಸಬೇಕೆಂದು ಆ ಸಹೋದ್ಯೋಗಿ ಕಚೇರಿಯಿಂದ ಕಚೇರಿಗೆ ಅಲೆದು ಸುಮಾರು ಎರಡು ವರ್ಷ ಹೋರಾಡಿದರು, ಕೊನೆಗೆ ಗೆದ್ದರು. ಆದರೆ ಹೊಸ ಅಳತೆಯ ಕಿಂಡಿ ಎಲ್ಲ ವಿಮಾನಗಳಿಗೂ ಬರುವ ಹೊತ್ತಿಗೆ ಯುದ್ಧವೇ ಮುಗಿಯುತ್ತ ಬಂದಿತ್ತು. ಆ ಎರಡು ಅಂಗುಲ ಸಾವಿರಾರು ಹುಡುಗರ ಪ್ರಾಣ ತೆಗೆಯಿತು ಎಂಬ ನೋವು ಡೈಸನ್ ಅವರನ್ನು ಮುಪ್ಪಿನವರೆಗೂ ಕಾಡಿತು. ಲೋಹದ ತಗಡನ್ನು ಎರಡು ಅಂಗುಲ ಹೆಚ್ಚು ಕತ್ತರಿಸಲು ಯಾವ ಹೊಸ ಶೋಧವೂ ಬೇಕಿರಲಿಲ್ಲ. ಉತ್ಪಾದನೆಯ ಸಾಲನ್ನು ತಡೆದು ನಿಲ್ಲಿಸುವ ಮನಸ್ಸು ಬೇಕಿತ್ತು.

ಇಂಥದೇ ಇನ್ನೊಂದು ಸಂಗತಿ ಜರ್ಮನಿಯ ರಾತ್ರಿ ಹೋರಾಟದ ವಿಮಾನಗಳದು. ಅವು ಬಾಂಬರಿನ ಅಡಿಗೆ ಬಂದು, ಮೇಲ್ಮುಖವಾಗಿ ಓರೆಯಾಗಿ ಕೂಡಿಸಿದ ಫಿರಂಗಿಗಳಿಂದ ರೆಕ್ಕೆಯ ಇಂಧನದ ತೊಟ್ಟಿಗಳಿಗೆ ಗುಂಡು ಹಾರಿಸುತ್ತಿದ್ದವು. ಲ್ಯಾಂಕಾಸ್ಟರಿನ ಯಾವ ಗನ್ನರನಿಗೂ ತನ್ನ ಹೊಟ್ಟೆಯ ಕೆಳಗೆ ಏನಿದೆ ಎಂಬುದು ಕಾಣುತ್ತಿರಲಿಲ್ಲ. ಇಪ್ಪತ್ತೈದು ದಾಳಿಗಳ ಅನುಭವಸ್ಥರೂ ಹೊಸಬರಷ್ಟೇ ಸುಲಭವಾಗಿ ಸಾಯುತ್ತಿದ್ದಾರೆ ಎಂದು ಅಂಕಿಅಂಶಗಳು ಹೇಳುತ್ತಿದ್ದರೂ, ಅನುಭವ ನಿಮ್ಮನ್ನು ಕಾಪಾಡುತ್ತದೆ ಎಂದೇ ತಂಡಗಳಿಗೆ ಹೇಳಿಕೊಡಲಾಗುತ್ತಿತ್ತು.

1944ರ ಜೂನ್ 12ರ ರಾತ್ರಿ ಕೆನಡಾದ 419ನೆಯ ಸ್ಕ್ವಾಡ್ರನ್ನಿನ ಒಂದು ಲ್ಯಾಂಕಾಸ್ಟರ್ ಫ್ರಾನ್ಸಿನ ಕಾಂಬ್ರೆ ಊರಿನ ರೈಲ್ವೆ ಅಂಗಳದತ್ತ ಹೋಗುತ್ತಿತ್ತು. ಹಿಂದಿನಿಂದ, ಕೆಳಗಿನಿಂದ ಬಂದ ಶತ್ರುವಿಮಾನದ ಹೊಡೆತಕ್ಕೆ ಎಡಗಡೆಯ ಎರಡೂ ಎಂಜಿನ್‌ಗಳು ನಿಂತವು, ರೆಕ್ಕೆಗೂ ಒಡಲಿಗೂ ಬೆಂಕಿ ಹತ್ತಿತು, ಎಲ್ಲರೂ ಧುಮುಕಿರೆಂದು ಪೈಲಟ್ ಆಜ್ಞೆ ಕೊಟ್ಟನು. ಬೆನ್ನಿನ ಗೋಪುರದ ಗನ್ನರ್ ಆಂಡ್ರ್ಯೂ ಮೈನಾರ್ಸ್ಕಿ ಕೆಳಗಿಳಿದು ಬಾಗಿಲ ಬಳಿಗೆ ಬಂದವನು ಹಿಂದೆ ತಿರುಗಿ ನೋಡಿದಾಗ, ಬಾಲದ ಗನ್ನರ್ ಪ್ಯಾಟ್ ಬ್ರೋಫಿ ತನ್ನ ಗೂಡಿನಲ್ಲಿ ಸಿಕ್ಕಿಬಿದ್ದದ್ದು ಕಾಣಿಸಿತು. ಗೂಡನ್ನು ತಿರುಗಿಸುವ ಯಂತ್ರ ಕೆಟ್ಟಿತ್ತು, ಕೈಯಿಂದ ತಿರುಗಿಸುವ ಹಿಡಿಕೆಯೂ ಮುರಿದಿತ್ತು. ಮೈನಾರ್ಸ್ಕಿ ಉರಿಯ ನಡುವೆ ನುಗ್ಗಿ ಹೋಗಿ ಆ ಬಾಗಿಲನ್ನು ಬಿಡಿಸಲು ಹೆಣಗಿದನು. ಅವನ ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತು. ಇನ್ನು ಸಾಗದು, ಹೋಗು ಎಂದು ಬ್ರೋಫಿ ಕೈಸನ್ನೆ ಮಾಡಿದನು. ಮೈನಾರ್ಸ್ಕಿ ಬಾಗಿಲವರೆಗೆ ಹಿಂದೆ ಸರಿದು, ಗೆಳೆಯನ ಕಡೆಗೆ ಮುಖ ಮಾಡಿ ನೆಟ್ಟಗೆ ನಿಂತು, ಉರಿಯುವ ಬಟ್ಟೆಯಲ್ಲಿಯೇ ಸೆಲ್ಯೂಟ್ ಮಾಡಿ ಧುಮುಕಿದನು. ನೆಲದ ಮೇಲಿದ್ದ ಫ್ರೆಂಚರು ಅವನು ಬೆಂಕಿಯ ಉಂಡೆಯಂತೆ ಇಳಿದದ್ದನ್ನು ಕಂಡರು. ಸುಟ್ಟ ಗಾಯಗಳಿಂದ ಅವನು ಬದುಕಲಿಲ್ಲ. ವಿಮಾನ ನೆಲಕ್ಕೆ ಅಪ್ಪಳಿಸಿದಾಗ ಬ್ರೋಫಿ ಹೊರಗೆಸೆಯಲ್ಪಟ್ಟು ಬದುಕುಳಿದನು. ನಡೆದದ್ದನ್ನು ಕಂಡ ಒಬ್ಬನೇ ಸಾಕ್ಷಿ ಅವನು. ಅವನು ಹೇಳಿದ್ದರಿಂದಲೇ ಮೈನಾರ್ಸ್ಕಿಗೆ 1946ರಲ್ಲಿ ಶೌರ್ಯಕ್ಕೆ ಕೊಡುವ ಅತ್ಯುನ್ನತ ಬ್ರಿಟಿಷ್ ಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು.

ಕೇಳುಗರೆ, ಈ ವಿಮಾನಗಳ ಕೆಳಗಿದ್ದವರನ್ನು ಬಿಟ್ಟು ಈ ಮಾತನ್ನು ಮುಗಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. 1943ರ ಜುಲೈ 27ರ ರಾತ್ರಿ ಹ್ಯಾಂಬರ್ಗ್ ನಗರದ ಮೇಲೆ 700ಕ್ಕೂ ಹೆಚ್ಚು ಬಾಂಬರ್‌ಗಳು ಸುರಿದ ಬೆಂಕಿ ಒಂದಾಗಿ ಬಿರುಗಾಳಿಯಾಯಿತು. ಮನೆಗಳ ಕೆಳಗಿನ ನೆಲಮಾಳಿಗೆಗಳಲ್ಲಿ ಅಡಗಿದ್ದವರು ಉಸಿರುಕಟ್ಟಿ ಸತ್ತರು. ಆ ವಾರದ ದಾಳಿಗಳಲ್ಲಿ 30,000ಕ್ಕೂ ಹೆಚ್ಚು ಜನ ಅಲ್ಲಿ ಸತ್ತರು, ಅವರಲ್ಲಿ ಹೆಂಗಸರು, ಮಕ್ಕಳು, ಮುದುಕರು ಎಷ್ಟೋ. ನಗರಗಳನ್ನೇ ಗುರಿಯಾಗಿಸುವ ಆ ನೀತಿಯನ್ನು ಹಟ ಹಿಡಿದು ನಡೆಸಿದವರು ಸೇನಾಧಿಪತಿ ಆರ್ಥರ್ ಹ್ಯಾರಿಸ್; ಒಪ್ಪಿಗೆ ಕೊಟ್ಟದ್ದು ಬ್ರಿಟಿಷ್ ಸರ್ಕಾರ. ಯುದ್ಧ ಮುಗಿದ ಮೇಲೆ ಆ ನೀತಿಯ ಮಾತೆತ್ತಲು ಎಲ್ಲರಿಗೂ ಮುಜುಗರವಾಯಿತು, ಆ ಮುಜುಗರದ ನೆರಳು ಹಾರಿದ ಹುಡುಗರ ಮೇಲೆ ಬಿತ್ತು. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಅವರಿಗೊಂದು ಸ್ಮಾರಕ ಎದ್ದದ್ದು 2012ರಲ್ಲಿ, 67 ವರ್ಷಗಳ ನಂತರ.

ಯುದ್ಧದ ಕೊನೆಯ ದಿನಗಳಲ್ಲಿ ಲ್ಯಾಂಕಾಸ್ಟರ್‌ಗಳಿಗೆ ಬೇರೆ ಎರಡು ಕೆಲಸಗಳು ಬಂದವು. 1945ರ ಏಪ್ರಿಲ್ 29ರಿಂದ, ಹಸಿವಿನಿಂದ ಜನ ಸಾಯುತ್ತಿದ್ದ ಹಾಲೆಂಡಿನ ಮೇಲೆ ಅವು ಅದೇ 33 ಅಡಿಯ ಹೊಟ್ಟೆಯಲ್ಲಿ ಹಿಟ್ಟಿನ, ಒಣ ಆಹಾರದ ಮೂಟೆಗಳನ್ನು ತುಂಬಿಕೊಂಡು ಹೋದವು. ಮೂಟೆಗಳಿಗೆ ಪ್ಯಾರಾಚೂಟ್ ಇರಲಿಲ್ಲ, ಆದ್ದರಿಂದ ಐನೂರು ಅಡಿಯವರೆಗೂ ತಗ್ಗಿ ಹಾರಬೇಕಿತ್ತು. 20,000 ಅಡಿ ಮೇಲಿನಿಂದ ಬೆಂಕಿಯನ್ನಷ್ಟೇ ಕಂಡಿದ್ದ ಬಾಂಬ್ ಏಮರ್‌ಗಳಿಗೆ, ಮಾಡುಗಳ ಮೇಲೆ ನಿಂತು ಬಟ್ಟೆ ಬೀಸುತ್ತಿದ್ದ ಮನುಷ್ಯರು ಕಾಣಿಸಿದರು.

ಎರಡನೆಯ ಕೆಲಸ ಜರ್ಮನಿಯ ಸೆರೆಶಿಬಿರಗಳಿಂದ ಬಿಡುಗಡೆಯಾದ ಸೈನಿಕರನ್ನು ಮನೆಗೆ ತರುವುದು. ಬಾಂಬರ್ ಕಮಾಂಡ್ ಹೀಗೆ ಸುಮಾರು 75,000 ಜನರನ್ನು ಕರೆತಂದಿತು. ಒಂದೊಂದು ಲ್ಯಾಂಕಾಸ್ಟರಿನಲ್ಲಿ ಸುಮಾರು 24 ಮಂದಿ, ಆಸನವಿಲ್ಲದೆ, ಒಡಲಿನ ನೆಲದ ಮೇಲೆಯೇ ಕುಳಿತು ಕಡಲು ದಾಟಿದರು. ಅವರ ನಡುವೆ ವಾಯುಪಡೆಯವರೂ ಇದ್ದರು: ಒಂದು, ಎರಡು, ಮೂರು ವರ್ಷಗಳ ಹಿಂದೆ ಉರಿಯುವ ಬಾಂಬರಿನಿಂದ ಹೇಗೋ ಹೊರಬಿದ್ದು ಸೆರೆ ಸಿಕ್ಕವರು. ಆ ಕಿಂಡಿಯಿಂದ ನುಸುಳಿ ಹೊರಬಿದ್ದವರಲ್ಲಿ ಕೆಲವರು ಈಗ ಬಾಲದ ಬಳಿಯ ಬಾಗಿಲಿನಿಂದ ಹತ್ತಿ ಒಳಗೆ ಬಂದರು.

ನಮಸ್ಕಾರ.